ಅಜ್ಜಿಯ ಜೊತೆ ಕೆಲಸಕ್ಕೆ ಕೂತುಕೋ

ಮಗಳೇ, ಈ ಸಲ ರಜೆಗೆ ಬಂದಾಗ ಅಜ್ಜಿಯ ಹಳೆಯ ಕತೆಗಳನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ ಅಂದೆಯಲ್ಲ, ಕೇಳಿ ತುಂಬ ಖುಷಿಯಾಯಿತು. ಆದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ಮೊಬೈಲ್ ಹಿಡಿದು, "ಹಿಂದಿನ ಕಾಲದ್ದು ಏನಾದರೂ ಹೇಳಿ" ಎನ್ನಬೇಡ. "ನಮಗೆಂಥದು ಗೊತ್ತು ಮಗಾ, ದುಡಿದದ್ದು, ಉಂಡದ್ದು" ಎಂದು ಎರಡೇ ಮಾತಿಗೆ ಮುಗಿಸಿಬಿಡುತ್ತಾರೆ. ಪುತ್ತೂರು, ಸುಳ್ಯ, ಕಡಬದ ನಮ್ಮ ಅಜ್ಜಿಯಂದಿರ ವಿದ್ಯೆ ಇರುವುದು ಕೈಯಲ್ಲಿ. ಕೈ ಆಡತೊಡಗಿದರೆ ಮಾತು ತಾನಾಗಿ ಬರುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಬಾ, ಹಲಸಿನಕಾಯಿ ಬಲಿತಿರುತ್ತದೆ. ಉಪ್ಪುಸೊಳೆ ಹಾಕುವ ದಿನ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅವರ ಪಕ್ಕ ಕೂತುಕೋ. ಕತ್ತಿಯ ಹಿಂಬದಿಯಿಂದ ಕಾಯಿಗೆ ಬಡಿದು, ಸದ್ದಿನಲ್ಲೇ ಬಲಿತದ್ದು, ಎಳೆಯದು ಹೇಳುತ್ತಾರೆ, ಗಮನವಿಟ್ಟು ಕೇಳು. ಹಣ್ಣಾಗುವ ಮೊದಲಿನ ಗಟ್ಟಿ ಸೊಳೆಯೇ ಆಗಬೇಕು. ಬೇಳೆ ತೆಗೆದು, ಒಂದು ಪದರ ಸೊಳೆ, ಮೇಲೊಂದು ಹಿಡಿ ಉಪ್ಪು, ಹೀಗೆ ಭರಣಿ ತುಂಬಿಸಿ ಮೇಲೆ ಭಾರ ಹೇರುತ್ತಾರೆ. ಉಪ್ಪು ಎಷ್ಟು ಎಂದು ಕೇಳಿದರೆ "ಅಂದಾಜಿಗೆ" ಎನ್ನುವ ಉತ್ತರವೇ ಬರುವುದು. ನೀನು ಅವರ ಹಿಡಿಯ ಉಪ್ಪನ್ನು ತಕ್ಕಡಿಗೆ ಹಾಕಿ ನೋಡಿ ಬರೆದಿಟ್ಟುಕೋ. ಮುಂದೆ ಆ ಕೈ ಇಲ್ಲದ ಕಾಲಕ್ಕೆ ನಿನಗೆ ಬೇಕಾಗುವುದು ಆ ತೂಕ. ಮಳೆಗಾಲದಲ್ಲಿ ತರಕಾರಿ ಇಲ್ಲದ ದಿನ ಈ ಸೊಳೆಯನ್ನು ನೀರಲ್ಲಿ ಹಾಕಿ ಉಪ್ಪು ಬಿಡಿಸಿದರೆ ಪಲ್ಯಕ್ಕಾಯಿತು, ರೊಟ್ಟಿಗಾಯಿತು, ಉಂಡ್ಲಕಾಳಿಗೂ ಆಯಿತು. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಕೆಲಸವೂ ಇಲ್ಲದೆ, ಅಕ್ಕಿಯೂ ಮುಗಿದ ಮನೆಗಳನ್ನು ಕಾದದ್ದು ಈ ಭರಣಿ. ಆ ಬಡತನದ ಕತೆಯನ್ನು ಸುಮ್ಮನೆ ಕೇಳಿದರೆ ಹೇಳುವವರಲ್ಲ, ಸೊಳೆ ಬಿಡಿಸುತ್ತ ಹೇಳುತ್ತಾರೆ.

ಪಾಡ್ದನದ ಸಂಗತಿಯೂ ಇದೇ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಒಬ್ಬರು ಹೇಳಿಕೊಟ್ಟು ಉಳಿದವರು ದನಿಗೂಡಿಸುತ್ತಿದ್ದ ಹಾಡು ಅದು. ಗದ್ದೆ ಹೋಗಿ ಅಡಿಕೆ, ರಬ್ಬರ್ ಬಂದ ಮೇಲೆ ಹಾಡುವ ಜಾಗವೇ ಇಲ್ಲವಾಯಿತು. ಪಕ್ಕದ ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರ ಬಾಯಿಂದ 1990ರಲ್ಲಿ ಧ್ವನಿಮುದ್ರಿಸಿಕೊಂಡ ಸಿರಿ ಪಾಡ್ದನದ ಕಾವ್ಯ 1998ರಲ್ಲಿ ಪುಸ್ತಕವಾಯಿತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಜೊತೆ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಕೂತು ಮಾಡಿದ ಕೆಲಸ. ಬರೆದಿಳಿಸಿದಾಗ 15,683 ಸಾಲು! ನಿಮ್ಮ ಅಜ್ಜಿಗೆ ಅಷ್ಟು ಬಾರದಿರಬಹುದು, ನಾಲ್ಕೇ ಸಾಲು ಬಂದರೂ ಅವರ ಭಾಷೆಯಲ್ಲೇ ಬರೆದುಕೋ. ತುಳುವೋ, ಅರೆಭಾಷೆಯೋ, ಹವ್ಯಕವೋ, ಪುಸ್ತಕದ ಕನ್ನಡಕ್ಕೆ ತಿದ್ದಬೇಡ.

ಇನ್ನು ಮದ್ದು. ತುಳುನಾಡಿನ ಅವಳಿ ವೀರರಾದ ಕೋಟಿ-ಚೆನ್ನಯರ ತಾಯಿ ದೇಯಿ ಬೈದೆತಿ ಪಡುಮಲೆಯ ಬಲ್ಲಾಳರ ಕಾಲಿನ ಮುಳ್ಳಿನ ನಂಜು ಇಳಿಸಿದವಳು ಎಂದು ನಮ್ಮ ಪಾಡ್ದನವೇ ಹೇಳುತ್ತದೆ. ಸೊಪ್ಪು, ಬೇರಿನ ಗುಣ ಬಲ್ಲ ಹೆಂಗಸರ ಊರು ನಮ್ಮದು. ಹಾಗೆಂದು ಅರೆಬರೆ ಕಲಿತು ಮದ್ದು ಮಾಡಲು ಹೊರಡಬೇಡ, ನನಗೆ ಅದೇ ದೊಡ್ಡ ಭಯ. ಆಟಿ ಅಮಾವಾಸ್ಯೆಗೆ ನಸುಕಿನಲ್ಲಿ ಕಲ್ಲಿನಿಂದ ಜಜ್ಜಿ ಪಾಲೆ ಮರದ ಕೆತ್ತೆ (ತೊಗಟೆ) ತಂದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಕಷಾಯ ಮಾಡುತ್ತಾರೆ. ಮೇಲಿಂದ ಮೆಂತೆ ಗಂಜಿ. ಅದೇ ಗುಡ್ಡದಲ್ಲಿ ಕಾಸರಕದಂಥ ವಿಷದ ಮರವೂ ಇದೆ. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಸಂಚಕಾರ.

ಅದಕ್ಕೆ ಆ ಅಮಾವಾಸ್ಯೆಗೆ ನಾಲ್ಕು ದಿನ ಮೊದಲೇ ಇನ್ನೊಮ್ಮೆ ಬಾ. ಹಗಲು ಹೊತ್ತಿನಲ್ಲಿ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋಗು. ಪಾಲೆ ಮರಕ್ಕಾದರೆ ಒಂದೇ ಗೆಣ್ಣಿನ ಸುತ್ತ ಆರೇಳು ಎಲೆ, ಗೀರಿದರೆ ಬಿಳಿ ಹಾಲು, ಅವರು ಬೆರಳಿಟ್ಟು ತೋರಿಸುತ್ತಾರೆ. ಗುರುತಿಗೆ ಒಂದು ಹಗ್ಗ ಕಟ್ಟಿ ಬಾ. ಅವರ ಮೊಣಕಾಲು ಗುಡ್ಡ ಹತ್ತುವಷ್ಟು ಗಟ್ಟಿಯಿರುವಾಗಲೇ ಈ ಕೆಲಸ ಆಗಬೇಕು, ಬರುವ ವರ್ಷಕ್ಕೆ ಇಡಬೇಡ.