ಮನೆಯ ಹೊದಿಕೆಯೂ ದಾಸ್ತಾನಿನ ರಕ್ಷಣೆಯೂ

ಬೆಳೆಗಾರನ ಮನೆ ವಾಸಕ್ಕಷ್ಟೇ ಅಲ್ಲ, ವರ್ಷದ ಆದಾಯವಿಡುವ ಉಗ್ರಾಣವೂ ಹೌದು. ಚೆನ್ನಾಗಿ ಒಣಗಿದ ಅಡಿಕೆ, ಕಾಫಿಗಳು ಸುತ್ತಲಿನ ತೇವವನ್ನು ಮತ್ತೆ ಹೀರಿಕೊಳ್ಳುತ್ತವೆ. ಮಳೆಗಾಲದಲ್ಲಿ ಚೀಲದೊಳಗೆ ಬೂಷ್ಟು ಕಂಡರೆ ಕಣದ ಕೆಲಸವನ್ನು ದೂರುವುದು ವಾಡಿಕೆ. ಗೋಡೆ, ಮಾಡುಗಳನ್ನೂ ನಾವು ಪರೀಕ್ಷಿಸಬೇಕು.

ಮನೆಯ ಹೊರ ಹೊದಿಕೆಗೆ ಮೂರು ಕೆಲಸಗಳಿವೆ. ಮೊದಲನೆಯದು ನೀರನ್ನು ತಡೆಯುವುದು. ನಮ್ಮ ಮಲೆನಾಡಿನ ಹಳೆಯ ಮನೆಗಳ ಉದ್ದನೆಯ ಸೂರು, ಎತ್ತರದ ಜಗಲಿ, ಮಳೆಗಾಲಕ್ಕೆ ಕಟ್ಟುವ ಸೋಗೆಯ ತಟ್ಟಿ ಇವೆಲ್ಲ ಎರಚಲು ಗೋಡೆಗೆ ತಾಗದಿರಲೆಂದು ಮಾಡಿದ ಏರ್ಪಾಡುಗಳು. ಮಣ್ಣಿನ ಗೋಡೆ ಅಲ್ಪಸ್ವಲ್ಪ ತೇವ ಹೀರಿದರೂ ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಇದಕ್ಕೆ ಅಡ್ಡಿ ಮಾಡದು. ಅದೇ ಗೋಡೆಗೆ ಗಟ್ಟಿ ಸಿಮೆಂಟು ಗಾರೆ ಮಾಡಿದರೆ, ಬಿರುಕಿನಿಂದ ಹೊಕ್ಕ ನೀರು ಬೇಗ ಆರದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ.

ಎರಡನೆಯದು ಗಾಳಿಯ ಸಂಚಾರ. ಗಾಳಿಯೊಡನೆ ನೀರಾವಿಯೂ ಚಲಿಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಪ್ರಸಿದ್ಧವಾದ ಮಂಗಳೂರು ಹಂಚು ಮಳೆನೀರನ್ನು ಜಾರಿಸುತ್ತದೆ. ಅಡಿಗೆಮನೆಯ ಹೊಗೆ, ಹಬೆಗಳನ್ನು ಸಂದುಗಳಿಂದ ಹೊರಗೆ ಬಿಡುತ್ತದೆ. ತಾರಸಿಯಲ್ಲಿ ಆ ದಾರಿ ಇಲ್ಲ.

ಮೂರನೆಯದು ಶಾಖದ ಹತೋಟಿ. ಒಂದು ಘನ ಮೀಟರು ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು; 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಮಳೆಯಿಂದಲೋ, ಮೋಡ ಸರಿದ ರಾತ್ರಿಯ ಚಳಿಯಿಂದಲೋ ತಣ್ಣಗಾದ ತಾರಸಿಯ ಅಡಿಭಾಗಕ್ಕೆ ಒಳಗಿನ ಬಿಸಿ ಹಬೆ ತಾಗಿದಾಗ, ಹೆಚ್ಚಾದ ಆವಿ ಹನಿಯಾಗುತ್ತದೆ. ತಾರಸಿ ಎಲ್ಲಿಯೂ ಸೋರದಿದ್ದರೂ ಚೀಲ ಒದ್ದೆಯಾಗುವುದು ಹೀಗೆ.

ತಾರಸಿ ಮನೆಯುಳ್ಳ ಸದಸ್ಯರು ಅದರ ಮೇಲೆ ಹಂಚಿನ ಅಥವಾ ಶೀಟಿನ ಮಾಡು ಹಾಕಿಸಿ, ನಡುವೆ ಗಾಳಿಯಾಡಲು ಬಿಟ್ಟರೆ ಮಳೆ, ಬಿಸಿಲು, ಇಬ್ಬನಿ ಮೂರೂ ತಾರಸಿಗೆ ತಾಗವು. ಅಡಿಗೆಮನೆ, ಬಚ್ಚಲುಮನೆಗಳ ಹಬೆ ಉಗ್ರಾಣಕ್ಕೆ ನುಗ್ಗದೆ ನೇರವಾಗಿ ಹೊರಹೋಗುವಂತಿರಲಿ. ಚೀಲಗಳನ್ನು ನೆಲದ ಮೇಲಿಡದೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಪೇರಿಸಿಡಿ. ಉಗ್ರಾಣದ ಕಿಟಕಿಗಳನ್ನು ಒಣ ಬಿಸಿಲಿರುವಾಗ ತೆರೆದಿಡಿ; ಜಡಿಮಳೆಯಲ್ಲಿ ಮುಚ್ಚಿಡಿ. ಜಡಿಮಳೆಯ ಗಾಳಿ ಒಣಗಿಸುವುದಿಲ್ಲ, ತೇವವನ್ನೇ ತರುತ್ತದೆ.

ಮಳೆನೀರು ಒಳಗೆ ಬಾರದಿರಲಿ, ಒಳಗಿನ ತೇವಕ್ಕೆ ಹೊರದಾರಿ ಇರಲಿ. ಹೊಸದಾಗಿ ಮನೆ ಕಟ್ಟಿಸುವ ಸದಸ್ಯರು ಅಡಿಪಾಯ ತೆಗೆಸುವ ಮೊದಲೇ ಈ ಎರಡು ಮಾತುಗಳನ್ನು ಮೇಸ್ತ್ರಿಯೊಡನೆ ಇತ್ಯರ್ಥ ಮಾಡಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.