ಹಿರಿಯರ ಆರೈಕೆಯ ಮನೆಯನ್ನು ಪರೀಕ್ಷಿಸುವ ಬಗೆ

ಮನೆಯ ಹಿರಿಯರನ್ನು ಅನ್ಯರ ಆರೈಕೆಗೆ ಒಪ್ಪಿಸುವುದೆಂದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಾಲ್ಕು ಜನರೆದುರು ತಲೆ ತಗ್ಗಿಸುವ ಸಂಗತಿ. ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ವರ್ಷ ನಮ್ಮ ಅಜ್ಜಿ ಹಿತ್ತಿಲಲ್ಲಿ ಜಾರಿ ಬಿದ್ದು, ಸೊಂಟದ ಬಳಿ ತೊಡೆಯ ಮೂಳೆ ಮುರಿದುಕೊಂಡಳು. ಶಸ್ತ್ರಕ್ರಿಯೆಯೇನೋ ಆಯಿತು. ಆದರೆ ತಂದೆಯವರೂ ಅವ್ವನೂ ಕೂಲಿಗೆ ಹೋಗುವವರು. ಹಗಲಿನಲ್ಲಿ ಅವಳನ್ನು ಎತ್ತಿ ಕೂರಿಸಲು ಯಾರಿದ್ದಾರೆ? ಎರಡು ತಿಂಗಳ ಖರ್ಚು ಕೊಡಲು ಬೆಂಗಳೂರಿನ ಚಿಕ್ಕಪ್ಪ ಒಪ್ಪಿದರು. ಮನೆಯಲ್ಲಿ ಓದು ಬಲ್ಲವನು ನಾನೊಬ್ಬನೇ ಆದುದರಿಂದ, “ನೀನೇ ಹೋಗಿ ನೋಡ್ಕಂಡು ಬಾ ಮಗಾ” ಎಂದು ತಂದೆಯವರು ನನ್ನನ್ನು ಕಳುಹಿಸಿದರು.

ಮೊದಲು ಹೆಸರಿನ ಗೊಂದಲವನ್ನು ಹೇಳಬೇಕು. ನಮ್ಮಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಾದರೋ ಆ ಹೆಸರು ಹಾಸಿಗೆ ಹಿಡಿದ ವೃದ್ಧರು ವರ್ಷಗಟ್ಟಲೆ ಇರುವ ಮನೆಗೆ ಸಲ್ಲುತ್ತದೆ. ನಮ್ಮ ಎಷ್ಟೋ ವೃದ್ಧಾಶ್ರಮಗಳು ಓಡಾಡಿಕೊಂಡಿರುವವರಿಗೆ ಮಾತ್ರ. ನಾನು ನೋಡಿದ ಮೊದಲನೆಯ ಮನೆಯಲ್ಲಿ, “ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರೆಯೆ?” ಎಂದು ಕೇಳಿ, ಇಲ್ಲವೆಂದೊಡನೆ ಬಾಗಿಲಿನಿಂದಲೇ ಕಳುಹಿಸಿದರು. ಕೋಪ ಬಂದಿತು, ಆದರೆ ಯೋಚಿಸಿದರೆ ಅವರ ಪ್ರಶ್ನೆ ಸರಿಯಾದುದೇ.

ಅದೇ ಪ್ರಶ್ನೆಯನ್ನು ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಸ್ ಮತ್ತು ಅವರ ಸಂಗಡಿಗರು 1963ರಲ್ಲಿ ಒಂದು ಅಳತೆಗೋಲಾಗಿ ಪ್ರಕಟಿಸಿದರು. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರಗಳ ಮೇಲಿನ ಹಿಡಿತ, ಊಟ: ಈ 6ರಲ್ಲಿ ಎಷ್ಟನ್ನು ಇನ್ನೊಬ್ಬರ ನೆರವಿಲ್ಲದೆ ಮಾಡಬಲ್ಲರೆಂಬುದೇ ಲೆಕ್ಕ. ನಮ್ಮ ಅಜ್ಜಿಗೆ ಕೊನೆಯ ಎರಡು ಮಾತ್ರ ಉಳಿದಿದ್ದವು. ಹೀಗೆ ಬರೆದುಕೊಂಡು ಹೋದರೆ “ಚೆನ್ನಾಗಿ ನೋಡಿಕೊಳ್ಳುತ್ತೀರಾ?” ಎಂಬ ಹುರುಳಿಲ್ಲದ ಪ್ರಶ್ನೆ ತಪ್ಪುತ್ತದೆ. ಅದಕ್ಕೆ ಇಲ್ಲವೆಂದವರುಂಟೆ? ರಾತ್ರಿ 2 ಗಂಟೆಗೆ ಶೌಚಕ್ಕೆ ಕರೆದರೆ ಯಾರು ಬರುತ್ತಾರೆ, ಆ ಒಬ್ಬರ ಮೇಲೆ ಎಷ್ಟು ಜನರ ಹೊಣೆಯಿದೆ ಎಂದು ಕೇಳಬೇಕು.

ಎರಡನೆಯ ಮನೆ ನೋಡಲು ಬಲು ಸೊಗಸು. ಗ್ರಾನೈಟ್ ನೆಲ, ದೇವರ ಕೋಣೆ, ಗೋಡೆಯಗಲದ ಟೀವಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲವೂ ಸರಿಯಾಗಿತ್ತು. ಸಂಜೆ ಏಳರ ಮೇಲೆ ಹೇಳದೆ ಮತ್ತೆ ಹೋದೆ. ಇಡೀ ಮಹಡಿಗೆ ಒಬ್ಬಳೇ ಹುಡುಗಿ. ಬೆಳಿಗ್ಗೆ ಎಡಮಗ್ಗುಲಲ್ಲಿ ಕಂಡಿದ್ದ ಒಬ್ಬ ಮುದುಕರು ಅದೇ ಮಗ್ಗುಲಲ್ಲಿಯೇ ಇದ್ದರು; ನೀರಿನ ಲೋಟ ಅವರ ಕೈಗೆಟುಕದಷ್ಟು ದೂರದಲ್ಲಿತ್ತು. ಹಾಗೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ, ಮೂಳೆ ಉಬ್ಬಿದ ಕಡೆಗಳಲ್ಲಿ, ಅಂದರೆ ಹಿಮ್ಮಡಿ, ಸೊಂಟದ ಪಕ್ಕ, ಬೆನ್ನಿನ ಕೆಳತುದಿಗಳಲ್ಲಿ, ಚರ್ಮ ಅದುಮಿ ರಕ್ತ ಓಡದೆ ಹುಣ್ಣಾಗುತ್ತದೆ. ಒಮ್ಮೆ ಆಳಕ್ಕಿಳಿದರೆ ಮಾಯುವುದು ಕಷ್ಟ. ಆದುದರಿಂದಲೇ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹೊತ್ತನ್ನು ಬರೆದಿಡುವ ರೂಢಿ. ಆ ಪುಸ್ತಕವನ್ನು ತೋರಿಸಿರೆಂದೆ. ಇಡೀ ವಾರ ಒಂದೇ ಕೈಬರಹ, ಒಂದೇ ಶಾಯಿ. ಮರುದಿನದ ಸಾಲುಗಳೂ ಆಗಲೇ ತುಂಬಿದ್ದವು! ಹುಡುಗಿಯನ್ನು ನಾನು ದೂರಲಾರೆ. ಎರಡು ಕೈಗಳಿಂದ ಅವಳು ಎಷ್ಟು ಜನರನ್ನು ಹೊರಳಿಸಿಯಾಳು?

ಕಾಗದಪತ್ರಗಳ ವಿಷಯ ಬೇಗ ಮುಗಿಯುತ್ತದೆ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿಯಾಗಿರಬೇಕು; ಆ ಪತ್ರವನ್ನು ಕೇಳಿ ನೋಡತಕ್ಕದ್ದು. ಅದೇ 2007ರ ಕೇಂದ್ರದ ಕಾಯಿದೆಯೊಂದು, ಬಡ ಹಿರಿಯರಿಗಾಗಿ ಜಿಲ್ಲೆಗೊಂದರಂತೆ ಕನಿಷ್ಠ 150 ಜನರಿಗೆ ಸ್ಥಳವಿರುವ ಮನೆಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆನ್ನುತ್ತದೆ. ‘ಬಹುದು’ ಎಂಬುದನ್ನು ಓದುಗರು ಗಮನಿಸಬೇಕು. ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ಮುಂಗಡ ಹಿಂದಿರುಗದೆಂಬ ಸಾಲು ಮೂರನೆಯ ಪುಟದ ಅಡಿಯಲ್ಲಿತ್ತು. ನಾನು ಓದಿ ಹೇಳದಿದ್ದರೆ ತಂದೆಯವರು ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು.

ಮೂರನೆಯ ಮನೆ ಹಳೆಯ ಹೆಂಚಿನದು. ನೆಲ ಅಲ್ಲಲ್ಲಿ ಕಿತ್ತಿತ್ತು. ಆದರೆ ರಾತ್ರಿ ಹೋದಾಗಲೂ ಹತ್ತು ಹಾಸಿಗೆಗೆ ಇಬ್ಬರಿದ್ದರು, ಕರೆದೊಡನೆ ಬಂದರು. ಮುದುಕರ ಹೆಸರುಗಳೆಲ್ಲ ಅವರ ಬಾಯಲ್ಲಿದ್ದವು. ಇದೇ ಸರಿಯೆಂದು ಗೆದ್ದವನಂತೆ ಊರಿಗೆ ಬಂದೆ. ಬಂದಮೇಲೆ ಹೊಳೆಯಿತು: ಇಷ್ಟೆಲ್ಲ ವಿಚಾರಿಸಿದ ನಾನು ಅಜ್ಜಿಯನ್ನೇ ಒಂದು ಮಾತು ಕೇಳಿರಲಿಲ್ಲ.

ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮುದ್ದೆ ಮಾಡ್ತಾರೇನ್ಲಾ? ತಲೆಬಾಗ್ಲು ಕಾಣೋ ಕಡೆ ಹಾಸ್ಗೆ ಕೊಡ್ತಾರಾ?” ಎಂದಳು.

ಮುದ್ದೆಯ ವಿಷಯ ನನಗೆ ತಿಳಿದಿತ್ತು. ಇನ್ನೊಂದನ್ನು ಕೇಳಲು ಮರುದಿನ ಮೊದಲ ಬಸ್ಸಿಗೆ ಹೋದೆ. ಬಾಗಿಲಿನೆದುರಿನ ಹಾಸಿಗೆ ಒಂಬತ್ತು ದಿನಗಳಲ್ಲಿ ತೆರವಾಗುವುದೆಂದರು. ಅಷ್ಟು ದಿನ ಅವ್ವ ಕೂಲಿಗೆ ಹೋಗಲಿಲ್ಲ.