ಅಂಗಳದ ಕ್ಯಾಮೆರಾಕ್ಕೆ ಒಂದೇ ಕೇಬಲ್ ಸಾಕೇ?

*ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮ ತೋಟದ ಮನೆ. ಅಡಿಕೆ ಅಂಗಳ 80 ಮೀಟರ್ ದೂರ, ಗೇಟು 150 ಮೀಟರ್. ಎರಡೂ ಕಡೆ ಕರೆಂಟಿಲ್ಲ. ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾಗಳಿಗೆ ಕರೆಂಟು ಕೊಡಬಹುದೇ? ಸಿಡಿಲಿನ ಭಯವೂ ಇದೆ.*

ಉತ್ತರ: ಅಂಗಳಕ್ಕೆ ಧಾರಾಳವಾಗಿ ಕೊಡಬಹುದು. ಪಿಒಇ ಸ್ವಿಚ್ ಸುಮಾರು 48 ವೋಲ್ಟ್ ಡಿಸಿ ಕರೆಂಟನ್ನೂ ದತ್ತಾಂಶವನ್ನೂ ಒಂದೇ ಕೇಬಲ್‌ನಲ್ಲಿ ಕಳಿಸುತ್ತದೆ. ಇದರ ಮಿತಿ 100 ಮೀಟರ್. ‘802.3ಎಎಫ್’ ಎಂದು ನಮೂದಿಸಿರುವ ಸ್ವಿಚ್ಚನ್ನೇ ಕೊಳ್ಳಿ. ಪ್ರತಿ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಆ ತುದಿಗೆ ಸುಮಾರು 13 ವ್ಯಾಟ್ ತಲುಪುತ್ತದೆ. ಸಾಮಾನ್ಯ ಕ್ಯಾಮೆರಾಕ್ಕೆ ಅಷ್ಟು ಸಾಕು. ಎದುರಿನ ಸಾಧನವನ್ನು ಪರೀಕ್ಷಿಸದೆ ಕರೆಂಟು ಬಿಡುವ ಅಗ್ಗದ ಇಂಜೆಕ್ಟರ್ ಬೇಡ.

ಗೇಟಿಗೆ ಎರಡು ದಾರಿಗಳಿವೆ. ನಡುವೆ ಪಿಒಇ ಎಕ್ಸ್‌ಟೆಂಡರ್ ಹಾಕಿ, ‘802.3ಎಟಿ’ ಅಂದರೆ 30 ವ್ಯಾಟ್‌ನ ಪೋರ್ಟಿನಿಂದ ಕೊಡುವುದು ಒಂದು. ಫೈಬರ್ ಎಳೆಯುವುದು ಇನ್ನೊಂದು; ಅದರ ಗಾಜಿನ ಎಳೆಯಲ್ಲಿ ಸಿಡಿಲಿನ ಹೊಡೆತ ಹರಿದು ಬರುವುದಿಲ್ಲ. ಆದರೆ ಕರೆಂಟೂ ಹರಿಯುವುದಿಲ್ಲ, ಗೇಟಿನಲ್ಲಿ ಸೋಲಾರ್ ಬೇಕು. ಮಲೆನಾಡಿನ ಮಳೆಗಾಲಕ್ಕೆ ದೊಡ್ಡ ಬ್ಯಾಟರಿಯನ್ನೇ ಇಡಿ.

ಕೇಬಲ್ ಅಪ್ಪಟ ತಾಮ್ರದ ಕ್ಯಾಟ್-6, ಹೊರಾಂಗಣದ್ದೇ ಆಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬಿಸಿಯಾಗುತ್ತದೆ, ದೂರ ಹೋದಂತೆ ವೋಲ್ಟೇಜೂ ಇಳಿಯುತ್ತದೆ. ಅಡಿಕೆ ಮರಕ್ಕೆ ಸುತ್ತಿ ಎಳೆಯಬೇಡಿ. ಪೈಪಿನೊಳಗೆ ನೆಲದಡಿ ಹಾಕಿ. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಕೂರಿಸಿ ಅರ್ಥಿಂಗ್ ಕೊಡಿಸಿ. ಸ್ವಿಚ್ಚನ್ನು ಯುಪಿಎಸ್‌ಗೆ ಜೋಡಿಸಿದರೆ ಕರೆಂಟು ಹೋದರೂ ಕ್ಯಾಮೆರಾ ನಡೆಯುತ್ತದೆ.

ಅರ್ಥಿಂಗ್ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಗೇ ಬಿಡಿ. ಗುಡುಗು ಶುರುವಾಗುವ ಮುನ್ನವೇ ಸ್ವಿಚ್ಚಿನಿಂದ ಹೊರಗಿನ ಕೇಬಲ್‌ಗಳನ್ನು ಕಳಚಿಡಿ. ಶುರುವಾದ ಮೇಲೆ ಮುಟ್ಟಲೇಬೇಡಿ.